ಗೆರೆಯಿಂದ ಎರಡು ಗೇಣು ಒಳಗೆ

ಆಗೆಲ್ಲ ಟೆನಿಸ್ ಎಂದರೆ ನಮಗೆ ನೀರು ಕುಡಿದ ಕೆಂಪು ಮಣ್ಣಿನ ವಾಸನೆ. ಅಪ್ಪ ಮಾಟುಂಗಾ ಕಡೆಯ ಒಂದು ಜಿಮಖಾನಾ ಕ್ಲಬ್ಬಿನಲ್ಲಿ ತೋಟದ ಮಾಳಿ. ಹೂವಿನ ಗಿಡಗಳಿಗಿಂತ ಅಲ್ಲಿನ ಎರಡು ಟೆನಿಸ್ ಕೋರ್ಟುಗಳನ್ನು ನೋಡಿಕೊಳ್ಳುವುದೇ ಅವನಿಗೆ ದೊಡ್ಡ ಕೆಲಸ. ನೀರು ಹೊಡೆಯಬೇಕು, ರೋಲರ್ ಎಳೆಯಬೇಕು, ಗೋಣಿತಟ್ಟು ಎಳೆದು ಮಣ್ಣು ಸಮ ಮಾಡಬೇಕು, ಕೊನೆಗೆ ಸುಣ್ಣದ ಗೆರೆ. ಮೇ ತಿಂಗಳಲ್ಲಿ ನಾನು ಮತ್ತು ತಂಗಿ ನೀಲಾ ಆಂಟಾಪ್ ಹಿಲ್‌ನಿಂದ ಅವನ ಹಿಂದೆ ನಡೆದುಕೊಂಡು ಹೋಗುತ್ತಿದ್ದೆವು.

ನೀಲಾಗೆ ಅದು ರಜೆ. ನನಗೆ ರಜೆಯೇನಲ್ಲ, ಹಿಂದಿನ ವರ್ಷವೇ ನನ್ನನ್ನು ಮುನ್ಸಿಪಾಲ್ಟಿಯ ಕನ್ನಡ ಶಾಲೆಯಿಂದ ಬಿಡಿಸಿದ್ದರು. ಅವ್ವ ನಮ್ಮ ಕಾಲೊನಿಯಲ್ಲಿದ್ದ ವಿಜಯಪುರ ಕಡೆಯ ಒಂಟಿ ಗಂಡಸರಿಗೆ ಜೋಳದ ರೊಟ್ಟಿ ಮಾಡಿ ಕೊಡುತ್ತಿದ್ದಳು. ರೊಟ್ಟಿ ತಟ್ಟಲು ನಾವಿಬ್ಬರೂ ಬೇಕಿತ್ತು. ಬೆಳಗಿನ ಜಾವ ನಾನು ಒಂದು ಕಡೆ, ನೀಲಾ ಒಂದು ಕಡೆ, ನಡುವೆ ಅವ್ವ ಮತ್ತು ಹೊಗೆ. ಅದಾದ ಮೇಲೆ ಕೈಗೆ ಅಂಟಿದ ಹಿಟ್ಟು ಕೂಡ ಸರಿಯಾಗಿ ತೊಳೆಯದೆ ಜಿಮಖಾನಾಕ್ಕೆ ಓಡುತ್ತಿದ್ದೆವು.

ಪಂಪಿನ ಕೋಣೆಯ ಹಿಂದಿನ ಗೋಡೆಗೆ ಚೆಂಡು ಹೊಡೆಯುವುದು ನಮ್ಮ ಆಟ. ಯಾರೋ ಬಿಸಾಡಿದ, ತಂತಿ ಕಿತ್ತ ರ‍್ಯಾಕೆಟ್ ನಮ್ಮದು. ಅದನ್ನು ಹಿಡಿಯುವುದನ್ನು ನೀಲಾಗೆ ಮೊದಲು ತೋರಿಸಿದ್ದು ನಾನೇ. ಕೆಲವೇ ದಿನಗಳಲ್ಲಿ ಅವಳು ಹೊಡೆದ ಚೆಂಡನ್ನು ಮುಟ್ಟಲು ನನಗೆ ಆಗದಂತಾಯಿತು.

ಇದನ್ನು ಕಂಡವರು ಕಾರವಾರದ ಕಾಮತ್ ಸಾಹೇಬರು. ಕ್ಲಬ್ಬಿನ ಹಳೆಯ ಮೆಂಬರು, ಮೊಣಕಾಲು ನೋವಿನಿಂದ ಆಟ ಬಿಟ್ಟಿದ್ದರು. "ಈ ಹುಡುಗಿ ಕೈ ಚಲೋ ಉಂಟು ಮಾರಾಯ," ಎಂದು ಅಪ್ಪನಿಗೆ ಹೇಳಿ, ಯಾರ ಯಾರ ಹತ್ತಿರ ಮಾತಾಡಿದರೋ, ಮೆಂಬರುಗಳ ಮಕ್ಕಳ ಬೇಸಿಗೆ ಟೂರ್ನಮೆಂಟಿಗೆ ಅವಳ ಹೆಸರು ಸೇರಿಸಿ, ಬಿಳಿ ಬೂಟನ್ನೂ ಕೊಡಿಸಿಬಿಟ್ಟರು. ಗೆದ್ದವರಿಗೆ ವರ್ಷವಿಡೀ ಬೆಳಿಗ್ಗೆ ಕ್ಲಬ್ಬಿನ ಕೋಚ್ ಹತ್ತಿರ ಪುಕ್ಕಟೆ ತರಬೇತಿ. ಆ ಮಕ್ಕಳಿಗೆ ಅದೇನೂ ದೊಡ್ಡದಲ್ಲ. ನೀಲಾ ಮಾತ್ರ ರೊಟ್ಟಿ ತಟ್ಟುವಾಗಲೂ ಅದನ್ನೇ ಮಾತಾಡುತ್ತಿದ್ದಳು.

ಫೈನಲ್ ದಿನ ಬೆಳಿಗ್ಗೆ ಅವ್ವ ಒಲೆಯ ಮುಂದೆ ಸುಮ್ಮನೆ ಅಂದಂತೆ ಅಂದಳು: "ನೀಲಿ ಗೆದ್ಲಂದ್ರ ನಾಳಿಂದ ಆಕಿ ಪಾಲಿಂದೂ ನೀನ ತಟ್ಟಬೇಕ ನೋಡವ್ವಾ ಶಾಂತಾ."

ನೀಲಾ ನಕ್ಕಳು. "ಹೌದ ಮತ್ತ. ಅಕ್ಕಾ ನೀ ತಟ್ಟು, ನಾ ತಿಂತೀನಿ."

ತಮಾಷೆಗೆ ಅಂದದ್ದು. ನನಗೆ ಮಾತ್ರ ತವೆಯ ಶಾಖ ಮುಖಕ್ಕೆ ಬಡಿದಂತಾಯಿತು. ಶಾಲೆ ಬಿಟ್ಟವಳು ನಾನು, ರೊಟ್ಟಿಗೂ ನಾನೇ, ಅವಳಿಗೆ ಬಿಳಿ ಬೂಟು.

ಎದುರಾಳಿ ಒಬ್ಬ ಡಾಕ್ಟರ ಮಗಳು. ಕಾಮತ್ ಸಾಹೇಬರು ಎತ್ತರದ ಕುರ್ಚಿ ಏರಿ ಅಂಪೈರ್ ಆದರು. ನಾನು ಆ ಹುಡುಗಿಯ ಬೆನ್ನ ಹಿಂದೆ ಬ್ರಶ್ ಹಿಡಿದು ನಿಂತಿದ್ದೆ. ಚೆಂಡು ಹೆಕ್ಕಿ ಕೊಡುವುದು, ಆಗಾಗ ಗೆರೆಯ ಮೇಲಿನ ಮಣ್ಣು ಗುಡಿಸುವುದು ನನ್ನ ಕೆಲಸ. ಇನ್ನೊಂದು ಪಾಯಿಂಟ್ ಬಂದರೆ ನೀಲಾ ಗೆದ್ದಳು ಎನ್ನುವಲ್ಲಿಗೆ ಆಟ ಬಂದಿತ್ತು. ಅವಳು ಇಡೀ ಮೈ ತಿರುಗಿಸಿ ಚೆಂಡನ್ನು ಮೂಲೆಗೆ ಹೊಡೆದಳು. ಅಂಥ ಹೊಡೆತ ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ.

"ಔಟ್," ಎಂದಳು ಡಾಕ್ಟರ ಮಗಳು.

"ತಡಿ, ಮಾರ್ಕ್ ನೋಡ್ವ," ಎಂದು ಕಾಮತ್ ಸಾಹೇಬರು ಒಂದೊಂದೇ ಮೆಟ್ಟಿಲಾಗಿ ಇಳಿಯತೊಡಗಿದರು.

ಕೆಂಪು ಮಣ್ಣಿನಲ್ಲಿ ಚೆಂಡು ಬಿದ್ದರೆ ಗುರುತು ಉಳಿಯುತ್ತದೆ. ಅದು ನನ್ನ ಕಾಲ ಬಳಿಯೇ ಇತ್ತು. ಮೊಟ್ಟೆಯಾಕಾರದ ಗುರುತು, ಅರ್ಧ ಸುಣ್ಣದ ಮೇಲೆ, ಅರ್ಧ ಮಣ್ಣಿನ ಮೇಲೆ. ಗೆರೆ ಮುಟ್ಟಿದರೆ ಚೆಂಡು ಒಳಗೇ ಎಂದು ಲೆಕ್ಕ. ಅದು ನನಗೆ ಚೆನ್ನಾಗಿ ಗೊತ್ತಿತ್ತು. ಸಾಹೇಬರು ಇನ್ನೂ ಇಳಿಯುತ್ತಿದ್ದರು. ನಾನು ಬ್ರಶ್ ಊರಿ ಆ ಗೆರೆಯನ್ನು ಗುಡಿಸಿದೆ.

"ಅಯ್ಯೋ, ಗುಡಿಸಿಬಿಟ್ಯಾ?"

"ರೂಢಿ ಆಗೇತ್ರಿ ಸಾಹೇಬ್ರ."

"ಹೋಗ್ಲಿ. ನೀ ಇಲ್ಲೇ ಇದ್ದೆಯಲ್ಲ, ಎಲ್ಲಿ ಬಿತ್ತು?"

"ಔಟ್ ಇತ್ತರಿ."

ಸಾಹೇಬರು ಮತ್ತೆ ಕುರ್ಚಿ ಏರಿದರು. ಸ್ವಂತ ಅಕ್ಕ ತಂಗಿಯ ವಿರುದ್ಧ ಸುಳ್ಳು ಹೇಳುತ್ತಾಳೆಯೇ? ಆಚೆಯಿಂದ ನೀಲಾ ಕೂಗಿದಳು: "ಅಕ್ಕ ಹೇಳಿದ ಮ್ಯಾಲ ಔಟ." ಆಮೇಲೆ ಅವಳ ಕೈ ಬಿಗಿಯಿತು. ಚೆಂಡನ್ನೆಲ್ಲ ನಡುವಿಗೇ ಹೊಡೆದಳು, ಸೋತಳು.

ಮನೆಗೆ ನಡೆಯುವಾಗ ಅಪ್ಪ ಐಸ್‌ಗೋಲಾ ಕೊಡಿಸಿದ. ನೀಲಾ ಅಳಲಿಲ್ಲ. ನಾಲಿಗೆ ಕೆಂಪು ಮಾಡಿಕೊಂಡು ಕೇಳಿದಳು: "ಎಷ್ಟ ಹೊರಗ ಬಿದ್ದಿತ್ತಕ್ಕಾ?"

ನಾನು ನಾಲ್ಕು ಬೆರಳು ತೋರಿಸಿದೆ.

"ಹಂಗಾರ ಇನ್ನ ಮ್ಯಾಲ ಗೆರಿಯಿಂದ ಎರಡ ಗೇಣ ಒಳಗ ಹೊಡಿತೀನಿ. ಯಾರೂ ಔಟ್ ಅನಬಾರದು."

ಮರುದಿನ ನೀಲಾ, ಅವ್ವ ಅರಿವೆ ಒಣಹಾಕುವ ಹಗ್ಗದಲ್ಲಿ ಒಂದು ತುಂಡು ಕತ್ತರಿಸಿ ತಂದಳು. ಮಧ್ಯಾಹ್ನ ಮೆಂಬರುಗಳು ಇಲ್ಲದ ಹೊತ್ತು, ಅಂಗಾಲು ಸುಡುವ ಬಿಸಿಲು. ಗೆರೆಯಿಂದ ಎರಡು ಗೇಣು ಅಳೆದು ಹಗ್ಗ ಹಾಸಿ, ಅದರೊಳಗೇ ಹೊಡೆಯುತ್ತ ಹೋದಳು. ಕಾಮತ್ ಸಾಹೇಬರು ಬೇವಿನ ನೆರಳಿನಲ್ಲಿ ಕುಳಿತು ನೋಡುತ್ತಿದ್ದರು.

ಹಾಗೆ ಆಡಿಯೇ ಅವಳು ಕಾಲೇಜು ಸೇರಿದಳು, ಟೀಮಿಗೆ ಬಂದಳು. ಸೋಲುವುದು ಕಡಿಮೆ, ಆದರೆ ದೊಡ್ಡ ಆಟ ಗೆಲ್ಲುವುದೂ ಕಡಿಮೆ. ಮುಂದೆ ಕಾಂದಿವಲಿಯ ಒಂದು ಕಾಲೇಜಿನಲ್ಲಿ ಹುಡುಗಿಯರ ಕೋಚ್ ಆದಳು. ಅಲ್ಲಿ ಕೋರ್ಟೇ ಇರಲಿಲ್ಲ. ಗಾಡಿ ನಿಲ್ಲಿಸುವ ಜಾಗದಲ್ಲಿ ನೆಟ್ ಕಟ್ಟಿದಳು. ಪ್ರಿನ್ಸಿಪಾಲರ ಕಾರಿಗೆ ಚೆಂಡು ಬಿದ್ದು ಬಿದ್ದು ಅವರೇ ಬೇಸತ್ತು ಹಿಂದಿನ ಖಾಲಿ ಜಾಗ ಕೊಡಿಸಿದರು, ಅದೇ ಕೋರ್ಟಾಯಿತು. ಚಾಳುಗಳಿಂದ, ಧಾರಾವಿಯಿಂದ ಬಂದ ಹುಡುಗಿಯರ ಮನೆಗೆ ಹೋಗಿ, ತಂದೆ ತಾಯಿಯ ಮುಂದೆ ಕುಳಿತು ಮಾತಾಡಿ ಕರೆತಂದಳು. ಎಲ್ಲರಿಗೂ ಮೊದಲ ಪಾಠ ಆ ಹಗ್ಗ. ಗೆರೆಯಿಂದ ಎರಡು ಗೇಣು ಒಳಗೆ.

ಈಗ ಪ್ರತಿ ಶನಿವಾರ ನಾನು ಆ ಹುಡುಗಿಯರಿಗೆ ರೊಟ್ಟಿ, ನಂಚಿಕೊಳ್ಳಲು ಶೇಂಗಾ ಹಿಂಡಿ ಒಯ್ಯುತ್ತೇನೆ. ಕಳೆದ ತಿಂಗಳು ಹೋದಾಗ ಆಫ್ರೀನ್ ಎಂಬ ಹುಡುಗಿ ನೀಲಾಳ ಜೊತೆ ವಾದ ಮಾಡುತ್ತಿದ್ದಳು. ಅವಳ ತಂದೆ ಧಾರಾವಿಯಲ್ಲಿ ಚರ್ಮದ ಬ್ಯಾಗು ಹೊಲಿಯುವವರು, ನಮ್ಮ ಕಡೆಯವರೇ. ಹಿಂದಿನ ವರ್ಷ ಎದುರಾಳಿ, ಚೆಂಡು ಮೂಲೆಗೆ ಬರುವುದೇ ಇಲ್ಲವೆಂದು ತಿಳಿದು, ನಡುವೆಯೇ ಕಾದು ನಿಂತು ಇವಳನ್ನು ಸೋಲಿಸಿದ್ದಳು. ಈ ವರ್ಷದ ಮ್ಯಾಚ್ ಹತ್ತಿರ ಬಂದಿತ್ತು.

"ಮ್ಯಾಡಮ್, ಕಾರ್ನರ್‌ಗೆ ಒಂದ ಸಲ ಮಾರೂ ಕ್ಯಾ? ಹೊಡೀಲೇನ್ರಿ? ನಂಗ ಬರ್ತೈತಿ."

"ಬ್ಯಾಡ. ನಾನೂ ಹಂಗ ಹೊಡದ ಸೋತಾಕಿ. ಬೇಕಾದ್ರ ನಮ್ಮಕ್ಕನ್ನ ಕೇಳು, ಎಷ್ಟ ಹೊರಗ ಬಿದ್ದಿತ್ತು ಅಂತ."

ಇಬ್ಬರೂ ನನ್ನ ಕಡೆ ತಿರುಗಿದರು. ಡಬ್ಬಿಯ ಮುಚ್ಚಳ ನನ್ನ ಕೈಯಲ್ಲೇ ಇತ್ತು. ಇವತ್ತು ಸುಮ್ಮನಿದ್ದರೆ ಈ ಹುಡುಗಿಯ ಗುರುತನ್ನೂ ನಾನೇ ಗುಡಿಸಿದಂತೆ ಎನ್ನಿಸಿತು.

"ಔಟ್ ಇರಲಿಲ್ಲ ನೀಲಾ," ಎಂದೆ. "ಗೆರಿ ಮ್ಯಾಲ ಬಿದ್ದಿತ್ತು. ಸಾಹೇಬ್ರು ಇಳಿಯೂದ್ರಾಗ ನಾನ ಗುಡಿಸಿದೆ. ರೊಟ್ಟಿ ಎಲ್ಲಾ ನನ್ನ ಪಾಲಿಗೆ ಬರ್ತಾವಂತ."

ಆಫ್ರೀನ್ ನೆಲ ನೋಡಿದಳು. ನೀಲಾ ಬಗ್ಗಿ ಬೂಟಿನ ಲೇಸು ಬಿಚ್ಚಿ ಮತ್ತೆ ಕಟ್ಟಿದಳು.

"ಎಷ್ಟ ಒಳಗ?"

"ಅರ್ಧ ಸುಣ್ಣದ ಮ್ಯಾಲ."

"ಆ ಹೊಡ್ತ ನಾ ಮತ್ತ ಹೊಡೀಲೇ ಇಲ್ಲಕ್ಕಾ," ಎಂದಳು. "ಯಾರಿಗೂ ಹೊಡ್ಯಾಕ ಬಿಡಲಿಲ್ಲ."

ಬೈದಿದ್ದರೆ ಸಹಿಸುತ್ತಿದ್ದೆ. ಅವಳು ಎದ್ದು ಹೋಗಿ ಹಗ್ಗವನ್ನು ಅವ್ವನ ಹಾಗೆಯೇ ಮೊಣಕೈಗೂ ಅಂಗೈಗೂ ಸುತ್ತಿ ತಂದು ನನ್ನ ತೊಡೆಯ ಮೇಲೆ ಹಾಕಿದಳು. "ಮನಿಗೆ ಒಯ್ಯಿ. ಅರಿವಿ ಹಾಕಾಕ ಬರ್ತೈತಿ." ಆಮೇಲೆ ಕೂಗಿದಳು: "ಆಫ್ರೀನ್, ಕಾರ್ನರ್. ಅಕ್ಕಾ, ನೀ ಗೆರಿ ಹತ್ರ ನಿಂದ್ರು."

ಆ ಹುಡುಗಿ ಹೊಡೆದಳು. ಈಗಿನ ಕೋರ್ಟು ನೀಲಿ ಬಣ್ಣದ್ದು, ಸಿಮೆಂಟಿನಂತೆ ಗಟ್ಟಿ. ಚೆಂಡು ಬಿದ್ದರೆ ಗುರುತೇ ಉಳಿಯುವುದಿಲ್ಲ. ಕಂಡವರ ಮಾತೇ ಕೊನೆ.

"ಎಲ್ಲಿ ಬಿತ್ತು?" ನೀಲಾ ನನ್ನನ್ನೇ ಕೇಳಿದಳು.

ಚೆಂಡು ನಿಜವಾಗಿಯೂ ಹೊರಗೆ ಬಿದ್ದಿತ್ತು. "ಔಟ್," ಎಂದೆ. "ನಾಕ ಬೆರಳ."

ಅವಳು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. "ಆಫ್ರೀನ್, ಮತ್ತೊಂದು. ಅಲ್ಲಿಗೇ."

ಮಾಟುಂಗಾದ ಆ ಕೆಂಪು ಕೋರ್ಟು ಈಗಿಲ್ಲ, ಅದರ ಮೇಲೂ ನೀಲಿ ಬಣ್ಣ ಬಳಿದಿದ್ದಾರೆ. ಅಪ್ಪ ಇಲ್ಲ, ಕಾಮತ್ ಸಾಹೇಬರಿಲ್ಲ, ಅವ್ವನ ಒಲೆಯೂ ಇಲ್ಲ. ಅವೆಲ್ಲ ಕಾಲ ಒಯ್ದದ್ದು. ನೀಲಾ ಹೊಡೆಯದೆ ಹೋದ ಹೊಡೆತಗಳನ್ನು ಮಾತ್ರ ನಾನು ಒಯ್ದೆ. ಅವನ್ನು ತಂದುಕೊಡಲು ನನ್ನಿಂದ ಆಗದು. ಆದರೂ ಶನಿವಾರ ಬಂದರೆ ಡಬ್ಬಿಯನ್ನು ಬೆಂಚಿನ ಮೇಲಿಟ್ಟು ನಾನು ಆ ಗೆರೆಯ ಹತ್ತಿರ ಹೋಗಿ ನಿಲ್ಲುತ್ತೇನೆ, ಕೈಯಲ್ಲಿ ಬ್ರಶ್ ಇಲ್ಲದೆ. ಕೊನೆಯ ಚೆಂಡು ಬೀಳುವವರೆಗೂ ಕಣ್ಣು ಕದಲಿಸುವುದಿಲ್ಲ.