ಅಕ್ಕ ಹಾಕದ ಅರ್ಜಿ

ಅಡಿವೆಪ್ಪನಿಗೆ ಹುಟ್ಟಿನಿಂದಲೇ ಕಣ್ಣು ಕಾಣದು. ಬ್ಯಾಂಕ್ ಪರೀಕ್ಷೆಯ ಪುಸ್ತಕಗಳನ್ನೆಲ್ಲ ಅಕ್ಕ ಶಿವಲೀಲಾ, ಧಾರವಾಡದ ಬಾಡಿಗೆ ಕೋಣೆಯಲ್ಲಿ ರೊಟ್ಟಿ ಬಡಿಯುತ್ತಲೇ ಅವನಿಗೆ ಓದಿ ಹೇಳಿದಳು. ಪದವಿ ಮುಗಿಸಿದ್ದ ಅವಳೂ ಅದೇ ಪರೀಕ್ಷೆಗೆ ಅರ್ಜಿ ತುಂಬಿಟ್ಟಿದ್ದಳು. ವಯಸ್ಸಿನ ಮಿತಿಯಂತೆ ಅವಳಿಗದು ಕೊನೆಯ ವರ್ಷ; ತಮ್ಮನಿಗೆ ಅದು ಗೊತ್ತಿರಲಿಲ್ಲ.

ಕಣ್ಣು ಕಾಣದವರಿಗೆ ಪ್ರಶ್ನೆ ಓದಿ ಉತ್ತರ ಗುರುತಿಸಲು ಒಬ್ಬರು ಜೊತೆಗಿರಬಹುದು. ಆದರೆ ಅವರು ಅದೇ ಪರೀಕ್ಷೆ ಬರೆಯುವವರಾಗಿರಬಾರದು. ಬರುತ್ತೇನೆಂದಿದ್ದ ಗೆಳೆಯ ಅರ್ಜಿಯ ಕೊನೆಯ ದಿನ ಕೈಕೊಟ್ಟ. ಶಿವಲೀಲಾ ತನ್ನ ಅರ್ಜಿ ಕಳಿಸಲೇ ಇಲ್ಲ.

"ಯಾಕಬೇ ಅಕ್ಕಾ, ನೀ ಹಾಕಲಿಲ್ಲ?"

"ನಂದಿನ್ನೂ ಓದು ಮುಗದಿಲ್ಲೋ," ಎಂದಳು.

ಪರೀಕ್ಷೆಯಲ್ಲಿ ಒಂದು ಪ್ರಶ್ನೆಗೆ ಅವನು ಮೆಲ್ಲಗೆ "ಎರಡನೇದು" ಎಂದ. ಉತ್ತರ ಮೂರನೆಯದೆಂದು ಅವಳಿಗೆ ಗೊತ್ತಿತ್ತು. ಆದರೂ ಎರಡನೆಯದನ್ನೇ ಒತ್ತಿದಳು. ಹೀಗೆ ಒಂಬತ್ತು ಸಲ.

ಮೊದಲ ಯತ್ನದಲ್ಲೇ ಅವನು ಪಾಸಾದ. ಓಣಿಗೆಲ್ಲ ಪೇಢೆ ಹಂಚಿ ಬಂದು ನಕ್ಕ: "ಮುಂದಿನ ವರ್ಷ ನೀ ಬರಿ ಅಕ್ಕಾ. ನನಗ ಓದಿ ಹೇಳಾಕ ಆಗಂಗಿಲ್ಲ ಖರೆ, ರೊಟ್ಟಿ ನಾ ಬಡೀತೀನಿ."

"ಆಗ್ಲಿ ತಗೋ ತಮ್ಮಾ," ಎಂದಳು ಶಿವಲೀಲಾ, ರದ್ದಿಗೆ ಹಾಕಲೆಂದು ಪುಸ್ತಕಗಳನ್ನು ಸದ್ದಾಗದಂತೆ ಹುರಿಯಿಂದ ಬಿಗಿಯುತ್ತ.