ತಂಬಿಗೆಯ ನೇರಕ್ಕೆ ಚಂದ್ರ

ಅಮಾವಾಸ್ಯೆ ಕಳೆದ ಮೇಲೆ ಬರುವ ಎಳೆ ಚಂದ್ರ ನನ್ನ ಕಣ್ಣಿಗೆ ಸುಲಭವಾಗಿ ಬೀಳುವುದಿಲ್ಲ. ನಾನು ಬೆರಳು ತೋರಿಸಿದ ಕಡೆ ಒಂದು ವರ್ಷ ವಿಮಾನದ ಹೊಗೆಯ ಗೆರೆ ಇತ್ತು, ಇನ್ನೊಂದು ವರ್ಷ ಮೊಬೈಲ್ ಟವರಿನ ದೀಪ. ಆಕಾಶದಲ್ಲಿ ನಾನು ತಪ್ಪದೆ ಗುರುತಿಸುವುದು ಸೂರ್ಯನನ್ನು ಮಾತ್ರ. ಅದೂ ನಮ್ಮ ಕಡೆಯ ಬೇಸಿಗೆಯಲ್ಲಿ ಅವನೇ ಬಂದು ತಲೆಯ ಮೇಲೆ ಕೂರುತ್ತಾನೆಂದು.

ಬಸವಕಲ್ಯಾಣದ ನಮ್ಮ ಓಣಿಯಲ್ಲಿ ಪಶ್ಚಿಮಕ್ಕೆ ಅಡ್ಡವಿಲ್ಲದ ಮಾಳಿಗೆ ನಮ್ಮದೊಂದೇ. ಹೀಗಾಗಿ ಈದ್ ಹಬ್ಬದ ಚಂದ್ರ ನೋಡಲು ಪಕ್ಕದ ಮನೆಯ ಹಲೀಮಾ ಬಿ ಸೊಸೆಯಂದಿರೊಡನೆ ಪ್ರತಿವರ್ಷ ನಮ್ಮ ಮೆಟ್ಟಿಲು ಹತ್ತುತ್ತಿದ್ದಳು. ಮೊದಲು ಕಾಣುವ ಮಾನ ಮಾತ್ರ ನನ್ನ ಹೆಂಡತಿ ನೀಲಮ್ಮನದು. ಅವಳು ಮೆಟ್ಟಿಲ ಬಾಗಿಲಲ್ಲಿ ನಿಂತು, ಸೂರ್ಯ ಇಳಿದ ಜಾಗದ ನೇರಕ್ಕೆ ಎದುರಿನ ಗಿಡ್ಡ ಗೋಡೆಯ ಮೇಲೆ ನನ್ನ ಕೈಲಿ ಹಿತ್ತಾಳೆ ತಂಬಿಗೆ ಇಡಿಸುವಳು. ಆಮೇಲೆ ಅಲ್ಲೇ ನಿಂತು ತಂಬಿಗೆಯಿಂದ ಮೇಲಕ್ಕೆ ನೋಡುತ್ತ ಹೋಗುವುದು. ಹುಮನಾಬಾದಿನ ತವರಿನಿಂದ ತಂದ ವಿದ್ಯೆ ಇದು. ಅಲ್ಲಿಯ ಚಂದ್ರ ಇಲ್ಲಿಯದಕ್ಕಿಂತ ದೊಡ್ಡದು ಎಂದೂ ಹೇಳುತ್ತಿದ್ದಳು. ಮಾವನ ಮಾಳಿಗೆಯಿಂದ ನಾನೂ ನೋಡಿದ್ದೇನೆ, ಇಷ್ಟೇ ಇದೆ. ಅಳಿಯನಾದವನು ಅದನ್ನು ಅಲ್ಲಿ ಹೇಳಬಾರದು.

ಹೋದ ದೀಪಾವಳಿಯ ಹೊತ್ತಿಗೆ ನೀಲಮ್ಮ ತೀರಿಕೊಂಡಳು. ಅಂದಿನಿಂದ ನಾನು ಮಾಳಿಗೆ ಹತ್ತಿರಲಿಲ್ಲ. ಬಟ್ಟೆಯನ್ನು ಅಂಗಳದಲ್ಲೇ ಒಣಗಿಸಿದೆ. ಕೇಳಿದವರಿಗೆ ಮೊಣಕಾಲು ನೋವೆಂದೆ. ಮೊಣಕಾಲು ಪಾಪ, ಚೆನ್ನಾಗಿಯೇ ಇತ್ತು.

ರಂಜಾನ್ ಮುಗಿಯುತ್ತ ಬಂದಂತೆ ಎರಡು ಹೆದರಿಕೆ ಹುಟ್ಟಿದವು. ಹಲೀಮಾ ಬಿ ಬಂದರೆ ನಾನೂ ಹತ್ತಬೇಕು. ಬಾರದಿದ್ದರೆ, ನೀಲಮ್ಮನ ಹಿಂದೆ ಆ ಸಂಜೆಯೂ ಹೋದಂತೆ. ಎರಡನೆಯದೇ ದೊಡ್ಡದು.

ಚಂದ್ರ ಕಾಣಬಹುದಾದ ಸಂಜೆ, ರೋಜಾದ ಉಪವಾಸ ಬಿಡಲು ಇನ್ನೂ ಹೊತ್ತಿರುವಾಗ, ಗೋಡೆಯಾಚೆ ಇಣುಕಿದೆ. ಹಲೀಮಾ ಬಿ ತನ್ನ ಅಂಗಳದಲ್ಲಿ ಸ್ಟೂಲು ಹಾಕಿ, ಅದರ ಮೇಲೆ ನಿಂತು ಬೇವಿನ ಗಿಡದ ಕಡೆ ನೋಡುತ್ತಿದ್ದಳು.

"ಅಲ್ಲಿ ಏನ್ ಹುಡಕಾಕತ್ತೀರಿ?"

"ಚಾಂದ್ ಎಲ್ಲಿಂದ ಕಾಣ್ತದಂತ ನೋಡಾಕತ್ತೇನ್ರಿ ಅಣ್ಣಾ."

"ಬೇವಿನ ಗಿಡದಾಗ?"

ಅವಳು ಸ್ಟೂಲಿನಿಂದ ಇಳಿದಳು. "ನಿಮ್ಮದು ದುಃಖದ ಮನಿ. ಹಬ್ಬದ ಚಾಂದ್ ನೋಡಾಕ ಹ್ಯಾಂಗ ಬರ್ಲಿ ಹೇಳ್ರಿ. ಫೋನಿನ್ಯಾಗ ಹ್ಯಾಂಗೂ ಸುದ್ದಿ ಬರ್ತದ."

"ಫೋನಿನ್ಯಾಗ ಚಂದ್ರನ್ನ ನೋಡಿದ್ರಿ ಅಂದ್ರ ನೀಲಮ್ಮ ಇಬ್ರಿಗೂ ಬೈತಾಳ. ರೋಜಾ ಬಿಟ್ಟು ಎಲ್ಲಾರೂ ಮ್ಯಾಲ ಬರ್ರಿ."

ಮೊಣಕಾಲನ್ನು ಕೇಳದೆ ಬಾಯಿ ಹೇಳಿಬಿಟ್ಟಿತ್ತು. ತಂಬಿಗೆ ಹಿಡಿದು ಹತ್ತಿದೆ. ಹಗ್ಗದಲ್ಲಿ ನೀಲಮ್ಮ ಸಿಕ್ಕಿಸಿದ ಬಟ್ಟೆಯ ಕ್ಲಿಪ್ಪುಗಳು ಹಾಗೆಯೇ ಕಚ್ಚಿಕೊಂಡಿದ್ದವು. ಬಾಗಿಲಲ್ಲಿ ನಿಂತೆ. ಸೂರ್ಯ ಧೂಳಿನೊಳಗೆ ಕೆಂಪಗೆ ಇಳಿದ. ತಂಬಿಗೆ ಇಡಲು ಈಗ ಇನ್ನೊಬ್ಬರಿಲ್ಲ. ಇಟ್ಟು ಬಂದು ನೋಡಿ, ಮತ್ತೆ ಹೋಗಿ ಸರಿಸಿ, ಆ ಗೋಡೆಗೂ ಈ ಬಾಗಿಲಿಗೂ ನಾನೇ ಓಡಾಡಿದೆ.

ಖರ್ಜೂರದ ತಟ್ಟೆ ಹಿಡಿದು ಎಲ್ಲರೂ ಬಂದರು. "ಈ ಸಲ ಟವರ್ ತೋರಸಬ್ಯಾಡ್ರಿ ಅಣ್ಣಾ," ಎಂದಳು ಹಲೀಮಾ ಬಿ. ಸೊಸೆಯಂದಿರು ಸೆರಗಿನಲ್ಲಿ ನಕ್ಕರು. ಆಮೇಲೆ ಎಲ್ಲರೂ ತಂಬಿಗೆಯಿಂದ ಮೇಲಕ್ಕೆ ನೋಡತೊಡಗಿದರು. ಆಕಾಶ ಖಾಲಿಯೇ ಇತ್ತು. ತಂಬಿಗೆ ಇಡುವುದರಲ್ಲೂ ತಪ್ಪಿದೆನೇ ಎಂದುಕೊಳ್ಳುವಾಗ ಕಿರಿಯ ಸೊಸೆ, "ಅಗೋ," ಎಂದಳು. ತಂಬಿಗೆಯ ನೇರಕ್ಕೇ, ಕತ್ತರಿಸಿ ಬಿದ್ದ ಉಗುರಿನಂತೆ, ಅಂಗಾತ ಮಲಗಿತ್ತು. ಎಲ್ಲರಿಗಿಂತ ಕಡೆಗೆ ನನಗೂ ಕಂಡಿತು.

"ಅಕ್ಕ ಇದ್ದಿದ್ರ ಯಾವಾಗೋ ಹೇಳ್ತಿದ್ಲು," ಎಂದು ಹಲೀಮಾ ಬಿ ದುವಾ ಬೇಡಲು ಕೈ ಎತ್ತಿದಳು. ಅಂಥ ಮಾತು ಕೇಳಿದರೆ ತಡೆಯಲಾರೆ ಎಂದು ಇಷ್ಟು ದಿನ ಹೆದರಿದ್ದೆ. ಕೇಳಿದಾಗ ಹಾಯೆನಿಸಿತು. ಅವಳನ್ನು ನೆನೆಸುವವನು ನಾನೊಬ್ಬನೇ ಅಲ್ಲ.

ಆ ಗಡಿಬಿಡಿಯಲ್ಲಿ ತಂಬಿಗೆ ಗೋಡೆಯ ಮೇಲೇ ಉಳಿಯಿತು. "ಮ್ಯಾಲ ಒಯ್ದಿದ್ದು ತೆಳಗ ತರಾಕ ನಿಮಗ ಏನ್ ಆಗ್ತದ?" ಎಂದು ನೀಲಮ್ಮ ನನ್ನನ್ನು ಎಷ್ಟೋ ವರ್ಷ ಬೈದಿದ್ದಾಳೆ. ಮರುದಿನ ಹಲೀಮಾ ಬಿ ಕಳಿಸಿದ ಹಬ್ಬದ ಶಾವಿಗೆ ಪಾಯಸ, ಸುರಕುಂಬಾ ಕುಡಿದು, ಸಂಜೆ ತಂಬಿಗೆ ತರಲೆಂದು ಹತ್ತಿದೆ. ಎರಡನೆಯ ದಿನದ ಚಂದ್ರನನ್ನು ಯಾರೂ ಹುಡುಕುವುದಿಲ್ಲ, ಅವನು ನನ್ನಂಥವನಿಗೂ ಕಾಣುತ್ತಾನೆ. ಪಕ್ಕದಲ್ಲಿ ಒಂದು ಚುಕ್ಕೆಯೂ ಇತ್ತು. ಟವರಿನದೂ ಇರಬಹುದು. ಸಾಕಷ್ಟು ಹೊತ್ತು ನೋಡಿ ಬರಿಗೈಯಲ್ಲಿ ಕೆಳಗಿಳಿದೆ.

ತಂಬಿಗೆ ಇನ್ನೂ ಮೇಲೇ ಇದೆ. ನಾಳೆ ಮತ್ತೆ ಹೋಗಬೇಕು.