ತಲೆಯಾಡಿಸುವ ಅಕ್ಕ

ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಕೋಣಂದೂರಿನ ನನ್ನ ಮನೆಗೆ ಬಂದಿದ್ದ ಅಕ್ಕ ಎರಡೇ ವಾರಕ್ಕೆ ಕಾರ್ಗಲ್ಲಿನ ತನ್ನ ಮನೆಗೆ ಹೊರಟು ನಿಂತಳು. ನಿಂತಳು ಅನ್ನುವುದು ಮಾತಿಗೆ. ನಿಲ್ಲಲು ಅವಳಿಗೆ ಆಗುತ್ತಲೇ ಇರಲಿಲ್ಲ.

"ನಿಂಗೆ ಭಾರ ಆಗಿ ಕೂತಿದ್ದು ಸಾಕು. ನಾಳೆ ನಿಮ್ ಭಾವ ಕಾರ್ ತರ್ತಾರೆ" ಎಂದಳು.

ನನಗೋ ಅವಳು ಹೋಗುವುದು ಸುತರಾಂ ಇಷ್ಟವಿರಲಿಲ್ಲ. ಒಬ್ಬಳೇ ಇರುವವಳಿಗೆ, ಬೆಳಗಾದರೆ ಚಹಾಕ್ಕೆ ಸಕ್ಕರೆ ಕಮ್ಮಿ ಎಂದು ಜಗಳ ತೆಗೆಯುವವರು ಸಿಕ್ಕಿದ್ದೇ ಹಬ್ಬವಾಗಿತ್ತು. ಬಾಯಿಬಿಟ್ಟು ಹೇಳಲು ಬಿಗುಮಾನ. ಹಾಗಾಗಿ ಗೊಂಬೆ ಮಾಡಲು ಕೂತೆ! ಯೂಟ್ಯೂಬಿನಲ್ಲಿ ನೋಡಿದ್ದೆ: ರಟ್ಟಿನ ಪೆಟ್ಟಿಗೆಯೊಳಗೆ ಅಡ್ಡ ಒಂದು ಕಡ್ಡಿ, ಕಡ್ಡಿಗೊಂದು ಚಕ್ರ, ಹೊರಗಿನ ಹಿಡಿ ತಿರುಗಿಸಿದರೆ ಮೇಲಿರುವ ಗೊಂಬೆಯ ತಲೆ ಏಳುತ್ತದೆ, ಇಳಿಯುತ್ತದೆ. "ಇಲ್ಲೇ ಇರ್ತೀಯಾ?" ಎಂದು ನಾನು ಕೇಳಬೇಕು, ಗೊಂಬೆಯಕ್ಕ ಹೂಂ ಹೂಂ ಎನ್ನಬೇಕು.

ಚಪ್ಪಲಿಯ ಡಬ್ಬಿ, ಮುರಿದ ಕೊಡೆಯ ಕಡ್ಡಿ, ಚಿಂದಿಬಟ್ಟೆಯ ತಲೆ, ಕಾಲಿಗೆ ಬಿಳಿ ಬ್ಯಾಂಡೇಜು. ಚಕ್ರಕ್ಕೆ ರಟ್ಟು ಸಾಲದೆ ಅಡಿಕೆ ಹಾಳೆ ನೆನೆಸಿ ಕತ್ತರಿಸಿದೆ. ನೆನೆದ ಹಾಳೆಯ ಮೇಲೆ ಭಾರ ಹೇರಿ ಒಣಗಿಸದಿದ್ದರೆ ಸೊಟ್ಟಗಾಗುತ್ತದೆಂದು ನಮ್ಮ ಕಡೆ ಮಕ್ಕಳಿಗೂ ಗೊತ್ತು. ನನಗೆಲ್ಲಿಯ ತಾಳ್ಮೆ? ಹಸಿಯಾಗಿಯೇ ಪೋಣಿಸಿ ಒಲೆಯ ಪಕ್ಕ ಇಟ್ಟೆ.

ಸಂಜೆ ತಂದು ಅಕ್ಕನ ಮಂಚದ ಮೇಲಿಟ್ಟೆ.

"ಎಂತ ಮಾರಾಯ್ತಿ ಇದು?"

"ನೀನೇ."

"ಇಷ್ಟ್ ದಪ್ಪ ಇದೀನಾ ನಾನು?"

ಗಂಟಲು ಸರಿಮಾಡಿಕೊಂಡು ಗೊಂಬೆಯನ್ನು ಕೇಳಿದೆ: "ಅಕ್ಕಾ, ಪ್ಲಾಸ್ಟರ್ ಬಿಚ್ಚೋ ತನಕ ಇಲ್ಲೇ ಇರ್ತೀಯಾ?"

ಹಿಡಿ ತಿರುಗಿಸಿದೆ. ಒಣಗಿ ಸೊಟ್ಟಗಾಗಿದ್ದ ಚಕ್ರ ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ವಾಲಿತು. ಮೇಲೆ ಕೆಳಗೆ ಆಡಬೇಕಿದ್ದ ತಲೆ ಎಡಕ್ಕೆ ಬಲಕ್ಕೆ ಆಡಿತು. ಊಹೂಂ, ಊಹೂಂ, ಊಹೂಂ. ಥೇಟ್ ಅಕ್ಕನೇ! ಗಾಬರಿಯಾಗಿ ಜೋರಾಗಿ ತಿರುಗಿಸಿದೆ. ಅದು ಇನ್ನೂ ಜೋರಾಗಿ ಒಲ್ಲೆನೆಂದಿತು. ಅಕ್ಕ ಮೊದಲು ಸೆರಗು ಬಾಯಿಗೆ ಒತ್ತಿಕೊಂಡಳು, ಆಮೇಲೆ ತಡೆಯಲಾಗದೆ ಗೊಳ್ಳೆಂದಳು. ನನಗೂ ಶುರುವಾಯಿತು. "ಅಯ್ಯೋ ಕಾಲು, ನಗಿಸ್ಬೇಡ್ವೇ, ಕಾಲು" ಎನ್ನುತ್ತಲೇ ನಕ್ಕಳು. ಇಬ್ಬರಿಗೂ ಕಣ್ಣಲ್ಲಿ ನೀರು ಬಂದು, ಹೊಟ್ಟೆ ಹಿಡಿದುಕೊಳ್ಳುವ ಹಾಗಾಯಿತು.

"ಕೊಡ್ ಇಲ್ಲಿ. ನಿಂಗೆ ಕೇಳಕ್ಕೇ ಬರಲ್ಲ" ಎಂದು ಅಕ್ಕ ಡಬ್ಬಿ ಕಿತ್ತುಕೊಂಡಳು. ಗೊಂಬೆಯ ಮುಖವನ್ನು ತನ್ನ ಕಡೆ ಮಾಡಿಕೊಂಡು, ಗದರುವ ದನಿಯಲ್ಲಿ ಕೇಳಿದಳು:

"ನಾಳೆ ಕಾರ್ಗಲ್ಲಿಗೆ ಹೋಗ್ತೀಯೇನೇ?"

ತಾನೇ ಹಿಡಿ ತಿರುಗಿಸಿದಳು. ತಿರುಗಿಸುತ್ತಲೇ ಇದ್ದಳು. ನಾನು ಭಾವನಿಗೆ ಫೋನ್ ಮಾಡಿದೆ.